ಕೂಡಿ ಬಾಳಿದವರ ಜಗಳ



ನಮ್ಮ ದೇಶದ ವೈವಿಧ್ಯವನ್ನು ಕುರಿತು ನಾವು ಎರಡು ದನಿಗಳಲ್ಲಿ ಮಾತನಾಡುತ್ತೇವೆ. ವೇದಿಕೆಯ ಮೇಲೆ ನಿಂತಾಗ ನಾನಾ ಭಾಷೆ, ನಾನಾ ಮತ, ನಾನಾ ಆಚಾರಗಳು ಒಂದೇ ತೋಟದ ಹೂಗಳೆಂದು ಹೊಗಳುತ್ತೇವೆ. ವೇದಿಕೆಯಿಂದಿಳಿದು ಮನೆಯ ಪಡಸಾಲೆಯಲ್ಲಿ ಕುಳಿತಾಗ, ಇಷ್ಟು ಬಗೆಯ ಜನ ಒಂದೆಡೆ ಸೇರಿದ ಮೇಲೆ ಜಗಳ ತಪ್ಪಿದ್ದಲ್ಲವೆಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತೇವೆ. ಒಬ್ಬನೇ ಮನುಷ್ಯ ಈ ಎರಡು ಮಾತುಗಳನ್ನೂ ಒಂದೇ ದಿನ ಆಡುವುದುಂಟು. ಎರಡರಲ್ಲಿ ಯಾವುದನ್ನೂ ಅವನು ಪರೀಕ್ಷಿಸಿ ನೋಡಿರುವುದಿಲ್ಲ. ಭೇದಗಳಿಂದ ಜಗಳ ಹುಟ್ಟುತ್ತದೆಯೆ, ಹುಟ್ಟುವುದಾದರೆ ಯಾವ ದಾರಿಯಿಂದ ಹುಟ್ಟುತ್ತದೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ವಿಷಯ ವಿಸ್ತಾರವಾದದ್ದು. ಆದುದರಿಂದ ನಮ್ಮ ಕಲಬುರಗಿ ಜಿಲ್ಲೆಯದೇ ಒಂದು ಮೂಲೆಯನ್ನು ಹಿಡಿದುಕೊಂಡು ಹೊರಡುತ್ತೇನೆ. ಆ ಮೂಲೆ ಆಳಂದ ತಾಲೂಕಿನ ಖಜೂರಿ.

ಆಳಂದದಿಂದ ಉಮರ್ಗಾದ ಕಡೆಗೆ ಹೋಗುವಾಗ ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಸಿಕ್ಕುವ ಊರು ಅದು. ಈ ಸೀಮೆಯಲ್ಲಿ ಒಬ್ಬ ಒಕ್ಕಲಿಗ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಭಾಷೆಗಳನ್ನು ದಾಟುತ್ತಾನೆಂಬುದು ಅವನ ಲೆಕ್ಕಕ್ಕೇ ಬಂದಿರುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಯವನೊಡನೆ ದಖನಿ ಉರ್ದು, ತಾಂಡಾದ ಕೂಲಿಯವರೊಡನೆ ಅರೆಬರೆ ಲಂಬಾಣಿ. ಹೊಲದ ಹಳೆಯ ಕಾಗದವನ್ನು ಬಿಚ್ಚಿದರೆ ಉರ್ದು ಬರೆಹ. ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಒಂದು ಸಣ್ಣ ಕೌತುಕವುಂಟು. ನಾವು ಜಗಳವಾಡಲು ಬಳಸುವ ಶಬ್ದಗಳನ್ನು ನೋಡಿ: ಫಿರ್ಯಾದಿ, ದಾವೆ, ವಕೀಲ, ಜಾಮೀನು, ಸರಹದ್ದು, ಕೊನೆಗೆ ಹಕ್ಕು ಕೂಡ. ಇವೆಲ್ಲ ಪಾರಸಿ ಅರಬಿಗಳ ಮೂಲದವು. ಜಗಳವನ್ನು ಮುಗಿಸುವ ರಾಜಿ ಎಂಬ ಮಾತೂ ಅಲ್ಲಿಂದಲೇ ಬಂದದ್ದು. ಅಚ್ಚಗನ್ನಡದಲ್ಲಿ ಒಂದು ಹೊಲದ ವ್ಯಾಜ್ಯವನ್ನು ನಡೆಸಿ ಮುಗಿಸುವುದು ಯಾವ ಕನ್ನಡಾಭಿಮಾನಿಗೂ ಸಾಧ್ಯವಾಗಲಾರದು.

ಗುರುಪರಂಪರೆಗಳ ಮಾತೂ ಹೀಗೆಯೇ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಮಹಾರಾಷ್ಟ್ರದ ಮೂಲೆಮೂಲೆಗಳಿಂದ ಭಕ್ತರು ಬರುತ್ತಾರೆ. ಅವರು ಪಾರಾಯಣ ಮಾಡುವ ಗುರುಚರಿತ್ರೆ ಮರಾಠಿಯಲ್ಲಿದೆ. ಅದನ್ನು ಬರೆದ ಸರಸ್ವತೀ ಗಂಗಾಧರನಾದರೋ ತನಗೆ ಮರಾಠಿ ಚೆನ್ನಾಗಿ ಬಾರದೆಂದು ಹೇಳಿಕೊಂಡವನು. ಖಜೂರಿಯ ಕೋರಣೇಶ್ವರ ಮಠ ಸುಮಾರು ಮೂರೂವರೆ ಶತಮಾನಗಳಷ್ಟು ಹಳೆಯದೆಂದು ಹೇಳುತ್ತಾರೆ. ಗದಗ ಜಿಲ್ಲೆ ರೋಣ ತಾಲೂಕಿನ ಅಸೂಟಿಯಲ್ಲಿ ಅದರ ಶಾಖೆಯೊಂದಿದೆ. ಖಜೂರಿಯ ಸ್ವಾಮಿಗಳ ಪ್ರವಚನ ಕೇಳಿ ಮನಸೋತ ಆ ಊರಿನ ರಹಿಮಾನಸಾಬ ಮುಲ್ಲಾ ಅವರು ಶಾಖಾಮಠಕ್ಕೆಂದು ತಮ್ಮ ಎರಡು ಎಕರೆ ಭೂಮಿಯನ್ನು ದಾನವಾಗಿ ಕೊಟ್ಟರು. ಅವರ ಮಗ ಷರೀಫ ಮುಲ್ಲಾ ಬಸವಣ್ಣನವರ ವಿಚಾರಗಳಿಗೆ ಒಲಿದು, 2019ರ ನವೆಂಬರಿನಲ್ಲಿ ದೀಕ್ಷೆ ಪಡೆದರು. ಆ ಮಠಕ್ಕೆ ಅವರನ್ನು ಅಧಿಪತಿಯಾಗಿ ನೇಮಿಸಿದ ಸುದ್ದಿ 2020ರ ಫೆಬ್ರವರಿಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ದೂರದ ಊರುಗಳ ಓದುಗರಿಗೆ ಅದು ಅದ್ಭುತವಾಗಿ ಕಂಡಿರಬೇಕು. ಈ ಸೀಮೆಯವರಿಗೆ ಅದು ಹೊಸತೆನಿಸಿತಾದರೂ ಅಸಂಭವವೆನಿಸಲಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನು ಕನ್ನಡದಲ್ಲಿ ಹಾಡುವ ಲಿಂಗವಂತರನ್ನು ಕಂಡವರು ನಾವು.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸೊಗಸಾದ ಸೌಹಾರ್ದದ ಭಾಷಣವಾಗುತ್ತದೆ. ಆದರೆ ಹಾಗೆ ನಿಲ್ಲಿಸುವುದು ಪ್ರಾಮಾಣಿಕತನವಾಗಲಾರದು. ಏಕೆಂದರೆ, ಇದೇ ನೆಲದಲ್ಲಿ, ಇದೇ ಭಾಷೆಗಳನ್ನಾಡುವ ಇದೇ ಜನ, 1948ರಲ್ಲಿ ಒಬ್ಬರನ್ನೊಬ್ಬರು ಕೊಂದರು.

ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದ ಮೇಲೆ ರಜಾಕಾರರು ಬಿದ್ದರು. ಇನ್ನೂರರಷ್ಟು ಜನ ಹತರಾದರೆಂಬುದು ಆ ಊರಿನವರು ಇಂದಿಗೂ ಹೇಳುವ ಲೆಕ್ಕ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಅದರ ಬೆನ್ನಿಗೇ ಹಳ್ಳಿಹಳ್ಳಿಗಳಲ್ಲಿ ಸೇಡು ಆರಂಭವಾಯಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳನ್ನು ಸುತ್ತಿ, ಸತ್ತ ಮುಸಲ್ಮಾನರ ಸಂಖ್ಯೆ 27,000ದಿಂದ 40,000ದ ವರೆಗೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಖಜೂರಿ ಇರುವುದು ಗುಲಬರ್ಗಾ ಜಿಲ್ಲೆಯ ಅಂಚಿನಲ್ಲಿ. ಅದರ ಪಕ್ಕದ ಉಮರ್ಗಾ ಉಸ್ಮಾನಾಬಾದಿಗೆ ಸೇರಿದ್ದು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಕಡತದಲ್ಲಿ ಉಳಿಯಿತು. ನಮ್ಮ ವಿಮೋಚನಾ ದಿನದ ಭಾಷಣಗಳಲ್ಲಿ ಗೋರ್ಟಾ ಬರುತ್ತದೆ, ಸುಂದರಲಾಲರು ಬರುವುದಿಲ್ಲ. ಬೇರೆ ಕೆಲವರ ಭಾಷಣಗಳಲ್ಲಿ ಸುಂದರಲಾಲರು ಬರುತ್ತಾರೆ, ಗೋರ್ಟಾ ಬರುವುದಿಲ್ಲ.

ಇದನ್ನು ಮತಭೇದದ ಫಲವೆಂದು ಹೇಳಿ ಕೈತೊಳೆದುಕೊಳ್ಳಬಹುದೆ? ಮತಭೇದ ಐದುನೂರು ವರ್ಷಗಳಿಂದ ಅಲ್ಲಿತ್ತು. ಬಂದೇ ನವಾಜರು ಕಲಬುರಗಿಗೆ ಬಂದದ್ದು 1400ರ ಸುಮಾರಿಗೆ. ಅಂದಿನಿಂದ ಇದ್ದ ಭೇದ 1948ರಲ್ಲೇ ಏಕೆ ಕತ್ತಿಯಾಯಿತು ಎಂಬುದೇ ಪ್ರಶ್ನೆ. ನಿಜಾಮನ ರಾಜ್ಯದಲ್ಲಿ ಪ್ರಜೆಗಳ ಮಾತು ತೆಲುಗು, ಮರಾಠಿ, ಕನ್ನಡ. ಆಡಳಿತದ ಮಾತು ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಸಾಹಸವೆಂಬುದು ನಿಜವಾದರೂ, ಆ ದೇಶಭಾಷೆ ಬಹುಸಂಖ್ಯಾತರ ಮನೆಯ ಭಾಷೆಯಾಗಿರಲಿಲ್ಲ. ಸರಕಾರಿ ಹುದ್ದೆಗಳ ಬಹುಪಾಲು ಒಂದು ಮತದವರ ಕೈಯಲ್ಲಿತ್ತು. ಹೀಗೆ ಮತ, ಭಾಷೆ, ಅಧಿಕಾರ ಮೂರೂ ಒಂದೇ ಗೆರೆಯ ಮೇಲೆ ಬಂದು ನಿಂತವು. ಒಬ್ಬ ಮನುಷ್ಯನಿಗೆ ನೌಕರಿ ಏಕೆ ಸಿಕ್ಕಲಿಲ್ಲ, ಅವನ ಮಗ ಏಕೆ ಓದಲಿಲ್ಲ, ಅವನ ಹೊಲ ಏಕೆ ಹೋಯಿತು ಎಂಬ ಬೇರೆಬೇರೆ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ ದೊರೆಯುವಂತಾದಾಗ ಆ ಉತ್ತರ ಬಹಳ ಅಪಾಯಕಾರಿಯಾಗುತ್ತದೆ. ದುರಂತವೆಂದರೆ, ಹಳ್ಳಿಯ ಬಡ ಮುಸಲ್ಮಾನನಿಗೆ ನಿಜಾಮನ ರಾಜ್ಯದಿಂದ ದೊರೆತದ್ದು ನೆರೆಯ ಕುರುಬನಿಗೋ ಮಾದಿಗನಿಗೋ ದೊರೆತಷ್ಟೇ. ಪಡೆದದ್ದು ಒಬ್ಬರು, ತೆತ್ತದ್ದು ಇನ್ನೊಬ್ಬರು. ರಜಾಕಾರರಾದರೂ ತಮ್ಮವರೆಂದು ಯಾರನ್ನೂ ಬಿಡಲಿಲ್ಲ. ಹೈದರಾಬಾದು ಭಾರತದಲ್ಲಿ ವಿಲೀನವಾಗಬೇಕೆಂದು ಬರೆದ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಕೊಂದವರು ಅವರೇ.

ನನಗೆ ತೋರುವ ಮಟ್ಟಿಗೆ, ಭೇದವು ಜಗಳವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಜಗಳಕ್ಕೆ ಹೆಸರನ್ನೂ ಗಾತ್ರವನ್ನೂ ಕೊಡುತ್ತದೆ. ಇಬ್ಬರು ರೈತರು ಬದುವಿಗಾಗಿ ಹೊಡೆದಾಡಿದರೆ ಊರ ಹಿರಿಯರು ಕುಳಿತು ಬಗೆಹರಿಸಬಲ್ಲರು. ಹೆಚ್ಚೆಂದರೆ ಆಳಂದದ ಕೋರ್ಟಿಗೆ ಹೋದೀತು. ಅವರಲ್ಲಿ ಒಬ್ಬ ಹಿಂದು, ಇನ್ನೊಬ್ಬ ಮುಸಲ್ಮಾನನೆಂದು ಅಥವಾ ಒಬ್ಬ ಕನ್ನಡಿಗ, ಇನ್ನೊಬ್ಬ ಮರಾಠಿಗನೆಂದು ಯಾವನಾದರೊಬ್ಬ ಕೂಗಿ ಹೇಳಿದ ಕ್ಷಣದಿಂದ ಆ ಬದುವನ್ನು ಎಂದೂ ಕಾಣದ ಸಾವಿರಾರು ಜನ ಆ ಜಗಳದೊಳಗೆ ಬರುತ್ತಾರೆ. ಬಂದವರಿಗೆ ಬದುವಿನ ಇತ್ಯರ್ಥ ಬೇಕಾಗಿರುವುದಿಲ್ಲ. ಇತ್ಯರ್ಥವಾದರೆ ಅವರಿಗೆ ಅಲ್ಲಿ ಕೆಲಸವಿರುವುದಿಲ್ಲ.

ಇನ್ನು ಗಡಿಯ ಮಾತು. ಆಳಂದವೂ ಉಮರ್ಗಾವೂ ಒಂದೇ ಸಂಸ್ಥಾನದಲ್ಲಿದ್ದವು. ಅವುಗಳ ನಡುವೆ ರಾಜ್ಯದ ಗಡಿ ಬಿದ್ದದ್ದು 1956ರ ನವೆಂಬರ್ 1ರಂದು. ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದಿತು, ಉಸ್ಮಾನಾಬಾದು ಮುಂಬಯಿ ರಾಜ್ಯಕ್ಕೆ ಹೋಯಿತು. ಭಾಷಾವಾರು ಪ್ರಾಂತರಚನೆ ತಪ್ಪೆಂದು ಹೇಳುವವನು ನಾನಲ್ಲ. ನಿಜಾಮನ ಕಾಲದಲ್ಲಿ ಮೂಲೆಗುಂಪಾಗಿದ್ದ ಕನ್ನಡಕ್ಕೆ ಶಾಲೆ ಕಾಲೇಜು ಕಚೇರಿಗಳು ದೊರೆತದ್ದು ಅದರಿಂದಲೇ. ನನ್ನಂಥವನು ಕನ್ನಡ ಓದಿ ಕನ್ನಡ ಕಲಿಸಿ ಅನ್ನ ಉಂಡದ್ದೂ ಅದರಿಂದಲೇ. ಆದರೆ ಗೆರೆ ಎಳೆಯಬೇಕಾದರೆ ಎಣಿಸಬೇಕು. ಎಣಿಸಬೇಕಾದರೆ ಪ್ರತಿಯೊಬ್ಬನೂ ಒಂದೇ ಉತ್ತರ ಕೊಡಬೇಕು. ತಾಯಿ ಮರಾಠಿ, ತಂದೆ ಕನ್ನಡ, ಭಜನೆ ಎರಡರಲ್ಲೂ ಎನ್ನುವವನಿಗೆ ಜನಗಣತಿಯ ಅಂಕಣದಲ್ಲಿ ಇರುವುದು ಒಂದೇ ಮನೆ. ಅಲ್ಲಿಯವರೆಗೆ ಅವನು ಎರಡನ್ನೂ ಆಡುತ್ತಿದ್ದ. ಬರೆಸಿದ ಮೇಲೆ ಒಂದರ ಪಕ್ಷದವನಾದ. 2025ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ವೇಳೆಗೆ ವೀರಶೈವ ಎಂದು ಬರೆಸಬೇಕೋ ಲಿಂಗಾಯತ ಎಂದು ಬರೆಸಬೇಕೋ ಎಂಬ ವಾದ ಎಷ್ಟು ಮನೆಗಳಲ್ಲಿ ಎಷ್ಟು ಬಿಸಿಯಾಗಿ ನಡೆಯಿತೆಂಬುದು ನಿಮಗೆಲ್ಲ ಗೊತ್ತಿರುವುದೇ.

1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು: ಬೆಳಗಾವಿ ಕರ್ನಾಟಕದಲ್ಲೇ ಇರಲಿ, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆಯೂ ಸೇರಿ 247 ಹಳ್ಳಿಗಳು ಕರ್ನಾಟಕಕ್ಕೆ ಬರಲಿ. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಈ ವ್ಯಾಜ್ಯ ಮತ್ತೆ ಹೊತ್ತಿಕೊಂಡಾಗ ಬೆಳಗಾವಿಯ ಬಳಿ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಿತ್ತು, ಮಹಾರಾಷ್ಟ್ರದ ಬಸ್ಸುಗಳ ಸಂಚಾರ ನಿಂತಿತು. ಬೆಂಗಳೂರು ಮುಂಬಯಿಗಳಲ್ಲಿ ಕುಳಿತವರಿಗೆ ಅದು ಅಭಿಮಾನದ ಪ್ರಶ್ನೆ. ಖಜೂರಿಯಂಥ ಗಡಿಯ ಊರುಗಳಲ್ಲಿ ಮಗಳನ್ನು ಆಚೆಗೆ ಕೊಟ್ಟಿರುತ್ತಾರೆ, ಸೊಸೆಯನ್ನು ಆಚೆಯಿಂದ ತಂದಿರುತ್ತಾರೆ. ದೊಡ್ಡ ಕಾಯಿಲೆಯಾದರೆ ಸೋಲಾಪುರದ ದವಾಖಾನೆಗೆ ಓಡುತ್ತಾರೆ. ತೊಗರಿಗೆ ಎಲ್ಲಿ ಒಳ್ಳೆಯ ಧಾರಣೆಯೋ ಅಲ್ಲಿಗೆ ಒಯ್ಯುತ್ತಾರೆ. ಬಸ್ಸು ನಿಂತರೆ ಮೊದಲು ನಿಲ್ಲುವುದು ಅವರ ಬದುಕು. ಗಡಿಯ ಜಗಳದಲ್ಲಿ ಗಡಿಯವರ ದನಿ ಕೇಳಿಸುವುದು ಅಪರೂಪ.

ಭಾಷೆಯ ಜಗಳವೆಲ್ಲವೂ ಭಾಷೆಯದೇ ಆಗಿರುವುದಿಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಅದರಿಂದ ಹುಟ್ಟಿದ ಗಲಭೆಯಲ್ಲಿ ಇಪ್ಪತ್ತೈದರಷ್ಟು ಜನ ಸತ್ತರು. ಹತ್ತು ನಿಮಿಷದಲ್ಲಿ ಕನ್ನಡಕ್ಕೆ ಆಗಬಹುದಾದ ಹಾನಿಯನ್ನು ಯಾವ ಭಾಷಾಶಾಸ್ತ್ರಜ್ಞನೂ ಕಂಡುಹಿಡಿಯಲಾರ. ಉರ್ದು ಎಂಬುದು ಅಲ್ಲಿ ಬೇರೊಂದಕ್ಕೆ ಇಟ್ಟ ಹೆಸರಾಗಿತ್ತು. ಸಮುದ್ರದಾಚೆಯ ಶ್ರೀಲಂಕಾದಲ್ಲಿ, ನಮ್ಮ ಪ್ರಾಂತರಚನೆಯ ವರ್ಷವೇ ಆದ 1956ರಲ್ಲಿ, ಸಿಂಹಳವೊಂದೇ ಆಡಳಿತ ಭಾಷೆಯೆಂಬ ಕಾನೂನು ಬಂದಿತು. ತಮಿಳರು ಅಲ್ಲಿ ಶತಮಾನಗಳಿಂದ ಇದ್ದವರೇ. ನೌಕರಿಯ ಬಾಗಿಲಲ್ಲಿ ಅವರ ಮಾತಿಗೆ ಬೆಲೆಯಿಲ್ಲವೆಂದಾದ ಮೇಲೆ ಮುಂದಿನ ದಶಕಗಳಲ್ಲಿ ಆ ದ್ವೀಪ ಎಂಥ ಯುದ್ಧವನ್ನು ಕಂಡಿತೆಂಬುದನ್ನು ಹೇಳಬೇಕಾಗಿಲ್ಲ.

ಈಗ ನನ್ನ ಮನಸ್ಸಿಗೆ ಅತ್ಯಂತ ಸಮೀಪವಾದ, ಅತ್ಯಂತ ಕ್ಲೇಶವನ್ನು ತಂದ ಉದಾಹರಣೆಗೆ ಬರುತ್ತೇನೆ. ಖಜೂರಿಗೆ ತಾಲೂಕು ಕೇಂದ್ರವಾದ ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಸಮಾಧಿ, ಅದರ ಮೇಲೊಂದು ಶಿವಲಿಂಗ. ರಾಘವ ಚೈತನ್ಯರೆಂದರೆ ಸಾಮಾನ್ಯರಲ್ಲ. ಸಂತ ತುಕಾರಾಮನಿಗೆ ಕನಸಿನಲ್ಲಿ ಮಂತ್ರ ಕೊಟ್ಟ ಬಾಬಾಜಿ ಚೈತನ್ಯರ ಗುರುಪರಂಪರೆಯ ಮೂಲಪುರುಷರು. ಮಹಾರಾಷ್ಟ್ರದ ಭಕ್ತಿಯ ಒಂದು ಬೇರು ಕನ್ನಡನಾಡಿನ ದರ್ಗಾವೊಂದರ ಅಂಗಳದಲ್ಲಿದೆ! ತಲೆಮಾರುಗಳ ಕಾಲ ಈ ಕಡೆಯವರು ದೀಪ ಹಚ್ಚಿದರು, ಆ ಕಡೆಯವರು ಚಾದರ ಹೊದಿಸಿದರು. ಅನೇಕರು ಎರಡನ್ನೂ ಮಾಡಿದರು. ಈ ಜಾಗ ಯಾರದು ಎಂಬ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ನಡೆದುಕೊಂಡು ಬಂದದ್ದು ನಡೆಯುತ್ತಿತ್ತು.

2021ರ ಕೊನೆಗೆ ಯಾರೋ ದುಷ್ಟರು ಆ ಲಿಂಗವನ್ನು ಅಪವಿತ್ರಗೊಳಿಸಿದರೆಂಬ ಸುದ್ದಿ ಹಬ್ಬಿತು. 2022ರ ಮಾರ್ಚ್ 1, ಮಹಾಶಿವರಾತ್ರಿಯ ದಿನ, ಶುದ್ಧೀಕರಣಕ್ಕೆಂದು ಮೆರವಣಿಗೆ ಹೊರಟಿತು, ಜನಪ್ರತಿನಿಧಿಗಳೂ ಅದರಲ್ಲಿದ್ದರು. ಕಲ್ಲು ತೂರಾಟವಾಯಿತು, ನಿಷೇಧಾಜ್ಞೆ ಬಂದಿತು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಅಲ್ಲಿಂದ ಮುಂದೆ ವಿಷಯ ವಕ್ಫ್ ನ್ಯಾಯಮಂಡಳಿಗೂ ಹೈಕೋರ್ಟಿನ ಕಲಬುರಗಿ ಪೀಠಕ್ಕೂ ಹೋಯಿತು. 2025ರ ಫೆಬ್ರವರಿ 26ರ ಶಿವರಾತ್ರಿಗೆ ಹದಿನೈದು ಜನ ಪೂಜೆ ಮಾಡಬಹುದೆಂದು ಪೀಠ ಅನುಮತಿ ಕೊಟ್ಟಿತು. ಎರಡು ಮತದವರ ಆಚರಣೆಗೆ ದಿನದ ಬೇರೆಬೇರೆ ಹೊತ್ತುಗಳು ಗೊತ್ತಾದವು. ನ್ಯಾಯಾಲಯವನ್ನು ನಾನು ದೂರುವುದಿಲ್ಲ. ಕಲ್ಲು ಬೀಳುತ್ತಿರುವಾಗ ಗಡಿಯಾರ ನೋಡಿ ಹೊತ್ತು ಹಂಚುವುದಕ್ಕಿಂತ ಹೆಚ್ಚಿನದನ್ನು ಕಾನೂನು ಮಾಡಲಾರದು. ಆದರೆ ಆದ ನಷ್ಟವನ್ನು ಗಮನಿಸಿ. ಕಾನೂನಿನ ಮುಂದೆ ವಾದಿಯಾಗಿ ನಿಲ್ಲಬಲ್ಲವರು ಈ ಮತದವರು, ಆ ಮತದವರು. ದೀಪವನ್ನೂ ಹಚ್ಚಿ ಚಾದರವನ್ನೂ ಹೊದಿಸುತ್ತಿದ್ದ ಮೂರನೆಯ ಮನುಷ್ಯನಿದ್ದನಲ್ಲ, ಅವನ ಪರವಾಗಿ ವಕಾಲತ್ತು ಹಾಕುವವರು ಯಾರು? ಎಷ್ಟು ಗಂಟೆಗೆ ಅವನು ಒಳಗೆ ಹೋಗಬೇಕು? ಬರೆಯದೆ ಇದ್ದುದರಿಂದಲೇ ನಡೆದುಬಂದ ವ್ಯವಸ್ಥೆ, ಬರೆದಿಲ್ಲವೆಂಬ ಕಾರಣದಿಂದಲೇ ಮುರಿಯಿತು. ಕೂಡಿ ಬಳಸಿದ ಜಾಗವೇ ಜಗಳದ ಜಾಗವಾಗುವುದು ಹೀಗೆ. ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ದೇವರನ್ನು ಪೂಜಿಸಿಕೊಂಡಿದ್ದವರಿಗೆ ಈ ಕಷ್ಟವೇ ಇಲ್ಲ.

ಹಳೆಯ ಸೌಹಾರ್ದವನ್ನು ನೆನೆದು ಕಣ್ಣೀರು ಸುರಿಸುವವರಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಸೌಹಾರ್ದದಲ್ಲಿ ಎಲ್ಲರಿಗೂ ಸ್ಥಾನವಿತ್ತೆಂಬುದು ನಿಜ. ಯಾರ ಸ್ಥಾನ ಎಲ್ಲಿ ಎಂಬುದನ್ನು ಮಾತ್ರ ಬೇರೆಯವರು ಗೊತ್ತುಮಾಡಿದ್ದರು. ಹಲಗೆ ಬಾರಿಸುವವನು ಪಲ್ಲಕ್ಕಿಯ ಮುಂದೆ ನಡೆಯುತ್ತಿದ್ದ. ಗುಡಿಯ ಬಾಗಿಲು ಬಂದಾಗ ಹೊರಗೆ ನಿಲ್ಲುತ್ತಿದ್ದವನೂ ಅವನೇ. ಅವನು ಒಳಗೆ ಬರುತ್ತೇನೆಂದು ಹೇಳುವವರೆಗೆ ಊರಿನಲ್ಲಿ ಶಾಂತಿಯಿತ್ತು. ಹೇಳಿದ ದಿನ ಊರು ಕೆಟ್ಟಿತೆಂದರು. ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ ಏಳು ದಶಕಗಳು ಕಳೆದರೂ ಈ ಬಗೆಯ ಸುದ್ದಿ ನಿಂತಿಲ್ಲ. ಇಂಥ ಸಂಘರ್ಷವನ್ನು ವೈವಿಧ್ಯದ ದೋಷವೆಂದು ಕರೆಯುವುದು ಅನ್ಯಾಯ. ಮೌನವಾಗಿದ್ದವನು ಬಾಯಿ ತೆರೆದಾಗ ಆಗುವ ಸದ್ದು ಅದು. ಅಂಥ ಸದ್ದನ್ನು ಅಡಗಿಸಿ ಪಡೆಯುವ ಸೌಹಾರ್ದ ನನಗಂತೂ ಬೇಡ.

ಲೋಕದ ವಿದ್ವಾಂಸರು ಈ ಬಗ್ಗೆ ಲೆಕ್ಕ ಹಾಕಿ ನೋಡಿದ್ದುಂಟು. ಎರಡನೆಯ ಮಹಾಯುದ್ಧದಿಂದ 1999ರವರೆಗಿನ ಅಂತರ್ಯುದ್ಧಗಳನ್ನು ಪರಿಶೀಲಿಸಿದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ ಎಂಬವರು, ಜನಾಂಗ ಮತಗಳ ವೈವಿಧ್ಯ ಹೆಚ್ಚಿದ್ದ ಮಾತ್ರಕ್ಕೆ ಯುದ್ಧದ ಸಂಭವ ಹೆಚ್ಚುವುದಿಲ್ಲ, ಬಡತನ ಮತ್ತು ದುರ್ಬಲ ಸರಕಾರಗಳೇ ಹೆಚ್ಚಿನ ಕಾರಣವೆಂದು 2003ರಲ್ಲಿ ಬರೆದರು. ನಮ್ಮವರೇ ಆದ ಆಶುತೋಷ ವಾರ್ಷ್ಣೇಯರು ಗಲಭೆಯಾಗುವ ಪಟ್ಟಣಗಳನ್ನೂ ಆಗದ ಪಟ್ಟಣಗಳನ್ನೂ ಜೋಡಿಜೋಡಿಯಾಗಿ ಇಟ್ಟು ಹೋಲಿಸಿದರು; ಅಲೀಗಢಕ್ಕೆ ಕಲ್ಲಿಕೋಟೆಯನ್ನು ಜೋಡಿ ಮಾಡಿದರು. ಎರಡು ಮತದವರೂ ಸದಸ್ಯರಾಗಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುವ ಸಂಘಗಳು ಬಲವಾಗಿರುವ ಪಟ್ಟಣದಲ್ಲಿ ವದಂತಿ ಹಬ್ಬಿದರೂ ಬೆಂಕಿ ಹತ್ತುವುದು ಕಷ್ಟವೆಂದು ಅವರು ಕಂಡರು. ಬೀದಿಯಲ್ಲಿ ನಮಸ್ಕಾರ ಸಲಾಮು ಹೇಳಿಕೊಂಡರೆ ಹಳ್ಳಿಗೆ ಸಾಕಾಗಬಹುದು, ಪಟ್ಟಣಕ್ಕೆ ಸಾಲದು.

ಇದನ್ನು ಓದಿದಾಗ ನನಗೆ ನೆನಪಾದದ್ದು ಸುಂದರಲಾಲರ ವರದಿಯ ಒಂದು ಅಂಶ. ಅಷ್ಟು ಘೋರದ ನಡುವೆಯೂ ತಮ್ಮ ನೆರೆಯ ಮುಸಲ್ಮಾನರನ್ನು ಪ್ರಾಣವೊಡ್ಡಿ ಕಾಪಾಡಿದ ಹಿಂದುಗಳಿದ್ದರೆಂದು ಅದು ದಾಖಲಿಸುತ್ತದೆ. ಯಾರವರು? ಮಠಾಧೀಶರೋ ಪಂಡಿತರೋ ಎಂದು ನಾವು ನಿರೀಕ್ಷಿಸಿಯೇವು. ವರದಿ ವಿಶೇಷವಾಗಿ ಹೇಳುವುದು ಒಂದೇ ಕಸುಬಿನವರ ಮಾತನ್ನು: ಹಿಂದು ನೇಕಾರರು ಮುಸಲ್ಮಾನ ನೇಕಾರರನ್ನು ಹಿಂದುಗಳಿಂದಲೇ ಉಳಿಸಿದರು, ಕೆಲವೆಡೆ ತಮ್ಮ ಪ್ರಾಣವನ್ನೇ ತೆತ್ತರು. ಅವರು ಸಮನ್ವಯದ ಗ್ರಂಥಗಳನ್ನು ಓದಿದವರಲ್ಲ. ಒಬ್ಬನೇ ಸಾಹುಕಾರನಿಂದ ನೂಲು ತರುವವರು, ಒಂದೇ ಸಂತೆಯಲ್ಲಿ ಸೀರೆ ಮಾರುವವರು, ಧಾರಣೆ ಬಿದ್ದಾಗ ಒಟ್ಟಿಗೆ ಉಪವಾಸ ಬಿದ್ದವರು. ಇವನಿಲ್ಲದಿದ್ದರೆ ನನ್ನ ಕೆಲಸ ನಡೆಯದು ಎಂಬುದು ಅವರಿಗೆ ದಿನನಿತ್ಯದ ಅನುಭವವಾಗಿತ್ತು.

ಅಂಥ ಮಗ್ಗಗಳು ಈ ಭಾಗದಲ್ಲಿ ಈಗ ವಿರಳವಾಗಿವೆ. ತೊಗರಿಯ ಹೊಲದಲ್ಲಿ, ಕಬ್ಬಿನ ಕಟಾವಿನಲ್ಲಿ, ಆಳಂದದ ಮಾರುಕಟ್ಟೆಯ ಅಡತಿ ಅಂಗಡಿಗಳಲ್ಲಿ ಎಲ್ಲ ಬಗೆಯ ಜನ ಇನ್ನೂ ಹೆಗಲಿಗೆ ಹೆಗಲು ತಾಗಿಸಿ ದುಡಿಯುತ್ತಾರೆ. ಓದಿದ ನಾವು ನೆಲೆಸಿರುವ ಪಟ್ಟಣಗಳ ಸ್ಥಿತಿ ಬೇರೆ. ಹೊಸ ಬಡಾವಣೆಗಳಲ್ಲಿ ಒಂದು ಓಣಿಗೆ ಒಂದೇ ಜಾತಿಯ ಜನ. ಮಕ್ಕಳ ಶಾಲೆ ಬೇರೆ, ವಿವಿಧೋದ್ದೇಶ ಸಹಕಾರಿ ಸಂಘ ಬೇರೆ, ಸಾಹಿತ್ಯಗೋಷ್ಠಿಯ ಮುಂದಿನ ಸಾಲೂ ಬೇರೆ. ನಿವೃತ್ತನಾದ ಮೇಲೆ ಮನೆಯ ಮಾಳಿಗೆಯನ್ನು ಬಾಡಿಗೆಗೆ ಕೊಡಬೇಕೆಂದು ನಾನೊಮ್ಮೆ ದಲಾಲನನ್ನು ಕರೆಸಿದೆ. ಬಾಡಿಗೆ ಎಷ್ಟು, ನೀರು ಹೇಗೆ ಎಂದು ಅವನು ಕೇಳಲಿಲ್ಲ. ಚೀಟಿಯನ್ನೂ ಲೇಖನಿಯನ್ನೂ ತೆಗೆದು, "ಯಾರ ಮಂದಿಗೆ ಕೊಡತೀರಿ, ಸರ್? ಮೊದಲ ಅದನ್ನ ಹೇಳ್ರಿ" ಎಂದ. ಯಾರಿಗಾದರೂ ಆದೀತೆಂದೆ. ಅವನು ಚೀಟಿಯ ಮೇಲೆ ಏನನ್ನೂ ಬರೆಯದೆ, ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ.